ಮುಂಜಾನೆ ಸೆಲ್ಫ್ ಹಿಡಿಯಲ್ಲ, ಏರಿನಲ್ಲಿ ಎಳೆಯಲ್ಲ: ಡೀಸೆಲ್ ಗಾಡಿಯ ರೋಗ ಪತ್ತೆ ಮಾಡೋದು ಹೇಗೆ?

ಈ ವಾರ ಬೆಳೆಯ ವಿಷಯ ಅಲ್ಲ. ಬೆಳೆದ ಮಾಲನ್ನು ಹೊಲದಿಂದ ಮಾರ್ಕೆಟ್‌ಗೆ ಮುಟ್ಟಿಸೋ ಗಾಡಿಯ ವಿಷಯ.

ಹೋದ ಚಳಿಗಾಲದ ಮಾತು. ನಮ್ಮ ಔರಾದ ಕಡೆ ಡಿಸೆಂಬರ್ ಅಂದ್ರೆ ಬೆಳಗಿನ ಜಾವ ಕೈ ಸೆಟೆದು ಹೋಗೋ ಚಳಿ. ಮೆಂತ್ಯ, ಪಾಲಕ, ಕೊತ್ತಂಬರಿ ಹಿಂದಿನ ಸಂಜೆಯೇ ಕಿತ್ತು, ಒದ್ದೆ ಗೋಣಿ ಹೊದಿಸಿ, ಹಿಂದಿನ ಸೀಟು ಮಡಚಿ 14 ಕ್ರೇಟ್ ತುಂಬಿ ಇಟ್ಟಿದ್ದೆ. ನಾಲ್ಕೂವರೆಗೆ ಹೊರಟರೆ ಬೆಳಕು ಹರಿಯೋದ್ರೊಳಗೆ ಬೀದರ್. ಸೆಲ್ಫ್ ಹೊಡೆದೆ. ಎಂಜಿನ್ ತಿರುಗಿತು, ಹಿಡಿಯಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ಕೊನೆಗೆ ಹಿಡಿದಾಗ ಗಂಟೆ ಆರೂಮುಕ್ಕಾಲು. ನಾನು ಮುಟ್ಟೋ ಹೊತ್ತಿಗೆ ಸೊಪ್ಪಿನ ವ್ಯಾಪಾರ ಮುಗಿದಿತ್ತು. ಅರ್ಧ ಮಾಲು ವಾಪಸ್ ತಂದು ಆಕಳಿಗೆ ಹಾಕಿದೆ.

ಅದೇ ವಾರ ಇನ್ನೊಂದು ತೊಂದರೆ ಶುರುವಾಯ್ತು. ಲೋಡ್ ಇದ್ದಾಗ ಏರಿನಲ್ಲಿ ಗಾಡಿ ಎಳೆಯಲ್ಲ. ಎಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಪಿಕಪ್ ಇಲ್ಲ, ಹಿಂದೆ ಕರಿ ಹೊಗೆ. ಒಂದು ವರ್ಕ್‌ಶಾಪಿಗೆ ಒಯ್ದೆ. ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ ನೋಡಿ, "ಪಂಪ್ ಹೋಗಿದೆ, ನಾಲ್ಕೂ ನಾಝಲ್ ಹೋಗಿವೆ" ಅಂತ 68 ಸಾವಿರದ ಎಸ್ಟಿಮೇಟ್ ಬರೆದುಕೊಟ್ರು. ನಮಗೆ ಅದು ಎರಡು ಎಕರೆ ತೊಗರಿಯ ರೊಕ್ಕ.

ಕೊನೆಗೆ ಗಾಡಿ ಸರಿ ಹೋಗಿದ್ದು 40 ರೂಪಾಯಿಯ ಒಂದು ರಬ್ಬರ್ ರಿಂಗ್ ಮತ್ತು 1,900 ರೂಪಾಯಿಯ ಒಂದು ಹೋಸ್ ಪೈಪಿನಿಂದ. ಪಂಪಿಗೂ ನಾಝಲಿಗೂ ಏನೂ ಆಗಿರಲಿಲ್ಲ. ಎಲ್ಲರಿಗೂ ಇಷ್ಟು ಸಸ್ತಾದಲ್ಲಿ ಮುಗಿಯುತ್ತೆ ಅಂತ ನಾನು ಹೇಳಲ್ಲ. ಕೆಲವರ ಪಂಪ್ ನಿಜವಾಗಿಯೂ ಹೋಗಿರುತ್ತೆ. ಆದ್ರೆ ಯಾವ ಪರೀಕ್ಷೆಯನ್ನೂ ಮಾಡದೆ ದುಬಾರಿ ಸಾಮಾನು ಬದಲಿಸೋದು, ಎಲೆ ಹಳದಿ ಆದ ಕೂಡಲೇ ಅಂಗಡಿಯವ ಕೊಟ್ಟ ಔಷಧಿ ಹೊಡೆದ ಹಾಗೆ. ಹಳದಿ ಆಗಿದ್ದು ನೀರು ನಿಂತು ಇರಬಹುದು, ಬೇರಿನ ಹುಳ ಇರಬಹುದು, ಕಬ್ಬಿಣದ ಕೊರತೆ ಇರಬಹುದು. ಗಾಡಿಯದ್ದೂ ಹಾಗೇ.

ಡೀಸೆಲ್ ಎಂಜಿನ್ನಿಗೆ ಬೇಕಾದ್ದು ನಾಲ್ಕೇ

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ ಕಿಡಿ ಹೊಡೆಯುತ್ತೆ. ಡೀಸೆಲ್ಲಿನಲ್ಲಿ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತುತ್ತೆ. ಸೈಕಲ್ ಪಂಪ್ ಜೋರಾಗಿ ಹೊಡೆದಾಗ ಅದರ ಬುಡ ಬಿಸಿ ಆಗುತ್ತಲ್ಲ, ಅದೇ ತತ್ವ. ಒತ್ತಿದ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆ ಬಿಸಿ ಗಾಳಿಗೆ ನಾಝಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದಾಗ ತಾನಾಗೇ ಹೊತ್ತಿಕೊಳ್ಳುತ್ತೆ. ಇಂಜೆಕ್ಟರ್ ಅಂದ್ರೂ ಇದೇ.

ಹಾಗಾಗಿ ಸ್ಟಾರ್ಟ್ ಆಗಲು ಬೇಕಾದ್ದು ಇಷ್ಟು:

1. ಸಾಕಷ್ಟು ವೇಗವಾಗಿ ತಿರುಗಬೇಕು. ಅಂದ್ರೆ ಬ್ಯಾಟರಿ, ಅರ್ಥ್ ವೈರ್, ಸೆಲ್ಫ್ ಮೋಟರ್ ಸರಿ ಇರಬೇಕು.
2. ಗಾಳಿ ಬೇಕು.
3. ಒತ್ತಿದ ಗಾಳಿ ಸೋರದೆ ಬಿಸಿ ಆಗಬೇಕು. ಅಂದ್ರೆ ಕಂಪ್ರೆಷನ್. ಚಳಿಯಲ್ಲಿ ಇದಕ್ಕೆ ಹೀಟರ್ ಪ್ಲಗ್ ಸಹಾಯ ಮಾಡುತ್ತೆ.
4. ಗಾಳಿಗುಳ್ಳೆ, ನೀರು ಇಲ್ಲದ ಡೀಸೆಲ್ ಸರಿಯಾದ ಪ್ರೆಷರ್‌ನಲ್ಲಿ ಬರಬೇಕು.

ನಾಲ್ಕರಲ್ಲಿ ಯಾವುದು ತಪ್ಪಿದೆ ಅಂತ ಹುಡುಕೋದೇ ಪತ್ತೆ ಕೆಲಸ. ಸುಲಭದ್ದು, ಖರ್ಚಿಲ್ಲದ್ದು ಮೊದಲು ನೋಡಬೇಕು. ದುಬಾರಿಯದ್ದು ಕೊನೆಗೆ.

ಮೊದಲು ಪಾನಾ ಹಿಡೀಬೇಡಿ, ಮೊಬೈಲ್ ಹಿಡೀರಿ

ಔರಾದಿನಲ್ಲಿ ನಮ್ಮ ಟ್ರ್ಯಾಕ್ಟರ್ ನೋಡೋ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಎಸ್ಟಿಮೇಟ್ ಚೀಟಿ ತೋರಿಸಿದೆ. ಅವರು ಗಾಡಿ ಕಡೆ ನೋಡಲೇ ಇಲ್ಲ, ಚೀಟಿ ಮಡಚಿ ನನ್ನ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿದ್ರು:

"ಮಧ್ಯಾಹ್ನ ಎಂಜಿನ್ ಬಿಸಿ ಇದ್ದಾಗ ಹ್ಯಾಂಗ ಹಿಡೀತದ ಬೇಟಾ?"

"ಒಂದೇ ಸೆಲ್ಫಿಗೆ, ಚಾಚಾ."

"ಮತ್ತ ನಾಝಲ್ ಹೋಗ್ಯಾವ ಅಂತ ಯಾರ್ ಹೇಳ್ಯಾರ?"

ಈ ಪ್ರಶ್ನೆಯ ಹಿಂದಿನ ಲೆಕ್ಕ ಹೀಗಿದೆ. ಪಂಪ್ ಸವೆದಿದ್ರೆ, ನಾಝಲ್ ಒಳಗೆ ಸೋರುತ್ತಿದ್ರೆ, ಬಿಸಿ ಆದಾಗ ಡೀಸೆಲ್ ತೆಳ್ಳಗಾಗಿ ಸೋರಿಕೆ ಇನ್ನೂ ಹೆಚ್ಚಾಗುತ್ತೆ. ಹಾಗಾಗಿ ಇಂಥ ಗಾಡಿ ಸಾಮಾನ್ಯವಾಗಿ ಬಿಸಿ ಇದ್ದಾಗಲೇ ಜಾಸ್ತಿ ಸತಾಯಿಸುತ್ತೆ. ನನ್ನದು ಉಲ್ಟಾ. ರಾತ್ರಿಯಿಡೀ ನಿಂತ ಮೇಲೆ ಮಾತ್ರ ತೊಂದರೆ.

ನೀವೂ ಐದು ದಿನ ಮೊಬೈಲ್ ನೋಟ್ಸ್‌ನಲ್ಲಿ ಬರೆದಿಡಿ:

- ಎಷ್ಟು ಗಂಟೆ ನಿಂತಿತ್ತು? ಎಷ್ಟು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಹಿಡೀತು?
- ಸೆಲ್ಫ್ ತಿರುಗೋ ಸಪ್ಪಳ ಚುರುಕಾಗಿದೆಯೋ, ಎಳೆದೆಳೆದು ತಿರುಗುತ್ತೋ?
- ತಿರುಗುವಾಗ ಸೈಲೆನ್ಸರ್‌ನಿಂದ ಹೊಗೆ ಬರುತ್ತೋ ಇಲ್ಲವೋ? ಯಾವ ಬಣ್ಣ?
- ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇತ್ತು? ಗಾಡಿ ಇಳಿಜಾರಿನಲ್ಲಿ ನಿಂತಿತ್ತೋ, ಸಪಾಟಾಗಿತ್ತೋ?
- ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟ್ ಉಳೀತು?

ಸೆಲ್ಫ್ ಹೊಡೆಯುವಾಗ ಒಂದು ವಿಡಿಯೋ ಡ್ಯಾಶ್‌ಬೋರ್ಡಿನದ್ದು, ಒಂದು ಸೈಲೆನ್ಸರಿನದ್ದು ಮಾಡಿಟ್ಕೊಳ್ಳಿ. ಮಿಸ್ತ್ರಿ ಹತ್ತಿರ ಹೋದಾಗ ಗಾಡಿ ಬಿಸಿ ಇರುತ್ತೆ, ರೋಗ ಕಾಣಲ್ಲ. ಆಗ ಈ ವಿಡಿಯೋನೇ ಸಾಕ್ಷಿ.

ಒಂದು ಎಚ್ಚರಿಕೆ: ಒಂದು ಸಲಕ್ಕೆ 10-15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೀಬೇಡಿ. ನಡುವೆ ಒಂದು ನಿಮಿಷ ಬಿಡಿ. ಇಲ್ಲಾಂದ್ರೆ ಬ್ಯಾಟರಿ ಜೊತೆ ಸೆಲ್ಫ್ ಮೋಟರೂ ಸುಡುತ್ತೆ.

ಹೊಗೆ ಹೇಳುವ ಕತೆ

*ಹೊಗೆಯೇ ಇಲ್ಲ:* ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಆದರೆ ಹಿಂದೆ ಏನೂ ಬರಲ್ಲ ಅಂದ್ರೆ ಸಿಲಿಂಡರ್ ಒಳಗೆ ಡೀಸೆಲ್ಲೇ ಹೋಗ್ತಿಲ್ಲ. ಏರ್ ಹಿಡಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪ್ ಪ್ರೆಷರ್ ಕಟ್ಟುತ್ತಿಲ್ಲದಿರಬಹುದು, ಅಥವಾ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಕೊಡದೆ ಕಂಪ್ಯೂಟರ್ ಡೀಸೆಲ್ ಬಿಡ್ತಿಲ್ಲದಿರಬಹುದು.

*ಬಿಳಿ ಹೊಗೆ, ಕಣ್ಣು ಉರಿಸೋ ಡೀಸೆಲ್ ವಾಸನೆ:* ಡೀಸೆಲ್ ಹೋಗ್ತಿದೆ, ಆದರೆ ಹೊತ್ತುತ್ತಿಲ್ಲ. ಹೀಟರ್ ಪ್ಲಗ್, ನಿಧಾನ ತಿರುಗೋ ಸೆಲ್ಫ್, ಕಡಿಮೆ ಕಂಪ್ರೆಷನ್ ಕಡೆ ನೋಡಿ. ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆ ಆಗ್ತಿದ್ರೆ ಅದು ಹೊಗೆ ಅಲ್ಲ, ಹಬೆ. ಹೆಡ್ ಗ್ಯಾಸ್ಕೆಟ್ ಅನುಮಾನ. ಗಾಡಿ ಓಡಿಸಬೇಡಿ.

*ಕರಿ ಹೊಗೆ:* ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಇಲ್ಲ. ಏರ್ ಫಿಲ್ಟರ್, ಟರ್ಬೊ ಪೈಪ್, ಇಜಿಆರ್ ವಾಲ್ವ್. ಕೆಲವೊಮ್ಮೆ ಹೆಚ್ಚು ಡೀಸೆಲ್ ಬಿಡೋ ಕೆಟ್ಟ ನಾಝಲ್.

*ನೀಲಿ ಹೊಗೆ:* ಎಂಜಿನ್ ಆಯಿಲ್ ಸುಡ್ತಿದೆ. ಆಯಿಲ್ ಮಟ್ಟ ನೋಡಿ, ಟರ್ಬೊ ಮತ್ತು ಪಿಸ್ಟನ್ ರಿಂಗ್ ಪರೀಕ್ಷೆ ಮಾಡಿಸಿ.

ನನ್ನ ವಿಡಿಯೋದಲ್ಲಿ ಮುಂಜಾನೆ ಮೊದಲ ಅರ್ಧ ನಿಮಿಷ ಹೊಗೆಯೇ ಇರಲಿಲ್ಲ. ಹಿಡಿಯೋ ಮುಂಚೆ ಸ್ವಲ್ಪ ಬಿಳಿ ಹೊಗೆ ಬಂತು. ಅಂದ್ರೆ ಡೀಸೆಲ್ ತಡವಾಗಿ ಮುಟ್ತಿತ್ತು.

ಬ್ಯಾಟರಿಯಿಂದ ಶುರು ಮಾಡಿ

300-400 ರೂಪಾಯಿಯ ಮಲ್ಟಿಮೀಟರ್ ಪ್ರತಿ ರೈತನ ಮನೆಯಲ್ಲಿರಬೇಕು, ಮೋಟರ್ ಸ್ಟಾರ್ಟರಿಗೂ ಬೇಕಾಗುತ್ತೆ. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದ್ರೆ ಪೂರ್ತಿ ಚಾರ್ಜ್. 12.2 ಅಂದ್ರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ಹೆಚ್ಚು ಕರೆಂಟ್ ತಿನ್ನುತ್ತಿದೆ. ಎಂಜಿನ್ ಚಾಲೂ ಆದ ಮೇಲೆ ಸುಮಾರು 13.8ರಿಂದ 14.4 ಇರಬೇಕು. ಇಲ್ಲಾಂದ್ರೆ ಆಲ್ಟರ್ನೇಟರ್ ನೋಡಿಸಿ. ಹೊಸ ಗಾಡಿಗಳಲ್ಲಿ ಇದು ಸ್ವಲ್ಪ ಮೇಲೆ ಕೆಳಗೆ ಆಗುತ್ತೆ.

ಟರ್ಮಿನಲ್ ಮೇಲಿನ ಬಿಳಿ-ಹಸಿರು ಪುಡಿಯನ್ನು ಬಿಸಿನೀರು ಹಾಕಿ ತೊಳೆದು, ಉಜ್ಜಿ, ಬಿಗಿ ಮಾಡಿ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗೋ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ರೆ ಹೊಸ ಬ್ಯಾಟರಿ ಹಾಕಿದ್ರೂ ಸೆಲ್ಫ್ ಎಳೆದೆಳೆದೇ ತಿರುಗುತ್ತೆ. ನಿಧಾನ ತಿರುಗಿದ್ರೆ ಒತ್ತಿದ ಗಾಳಿಯ ಬಿಸಿ ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತೆ, ಡೀಸೆಲ್ ಹೊತ್ತಲ್ಲ.

ಹೀಟರ್ ಪ್ಲಗ್ಗನ್ನೂ ಮಲ್ಟಿಮೀಟರಿನಿಂದಲೇ ನೋಡಬಹುದು. ವೈರ್ ಬಿಚ್ಚಿ ಪ್ಲಗ್ ತುದಿಗೂ ಎಂಜಿನ್ ಬಾಡಿಗೂ ನಡುವೆ ಓಮ್ಸ್ ನೋಡಿ. ಸಾಮಾನ್ಯ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತೆ. ಏನೂ ತೋರಿಸದಿದ್ರೆ ಸುಟ್ಟಿದೆ. ನೇರವಾಗಿ ಬ್ಯಾಟರಿ ಕೊಟ್ಟು ಕೆಂಪಾಗುತ್ತಾ ಅಂತ ನೋಡೋ ಹಳೇ ಪದ್ಧತಿ ಬೇಡ. ಹೊಸ ಗಾಡಿಗಳ ಕೆಲವು ಪ್ಲಗ್ 12 ವೋಲ್ಟಿನವಲ್ಲ, ಸುಟ್ಟು ಹೋಗ್ತಾವೆ.

ನನ್ನ ಬ್ಯಾಟರಿ 12.5 ಇತ್ತು, ನಾಲ್ಕೂ ಪ್ಲಗ್ ಸರಿ ಇದ್ವು. ಉಳಿದಿದ್ದು ಡೀಸೆಲ್ ದಾರಿ.

ಬಾವಿ ಮೋಟರಿನ ಪಾಠ: ಸೋರಿಕೆ ಕಾಣಲ್ಲ, ಗಾಳಿ ಎಳೆಯುತ್ತೆ

ಈ ಭಾಗ ಸಾವಕಾಶ ಓದಿ. ತೆರೆದ ಬಾವಿಯ ದಂಡೆ ಮೇಲೆ ಮೋಟರ್ ಇಟ್ಟವರಿಗೆ ಇದು ಗೊತ್ತು. ಫುಟ್‌ವಾಲ್ವ್ ಸರಿಯಾಗಿ ಕೂರದಿದ್ರೆ, ಅಥವಾ ಸಕ್ಷನ್ ಪೈಪಿನ ಜಾಯಿಂಟ್ ಸಡಿಲ ಇದ್ರೆ ರಾತ್ರೋರಾತ್ರಿ ಪೈಪಿನ ನೀರು ಬಾವಿಗೆ ಇಳಿದುಹೋಗುತ್ತೆ. ಬೆಳಿಗ್ಗೆ ಮೋಟರ್ ಹಾಕಿದ್ರೆ ಗರಗರ ಅನ್ನುತ್ತೆ, ನೀರು ಎತ್ತಲ್ಲ. ಮೇಲಿಂದ ನೀರು ತುಂಬಿದ್ರೆ ಮಾತ್ರ ಎತ್ತುತ್ತೆ. ಆ ಸಡಿಲ ಜಾಯಿಂಟಿನಿಂದ ಒಂದು ಹನಿ ನೀರೂ ಹೊರಗೆ ಬರಲ್ಲ. ಯಾಕಂದ್ರೆ ಅಲ್ಲಿ ಒತ್ತಡ ಇಲ್ಲ, ಎಳೆತ ಇದೆ. ನೀರು ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತೆ.

ಅನೇಕ ಡೀಸೆಲ್ ಗಾಡಿಗಳಲ್ಲೂ ಹೀಗೇ. ಟ್ಯಾಂಕ್ ಹಿಂದೆ ಕೆಳಗಿದೆ. ಎಂಜಿನ್ ಪಕ್ಕದ ಪಂಪ್ ಅಲ್ಲಿಂದ ಫಿಲ್ಟರ್ ಮೂಲಕ ಡೀಸೆಲ್ ಎಳೆದುಕೊಳ್ಳುತ್ತೆ. ಫಿಲ್ಟರಿನ ರಬ್ಬರ್ ರಿಂಗ್ ಒಣಗಿದ್ರೆ, ಪೈಪಿನ ಕ್ಲಿಪ್ ಸಡಿಲಾದ್ರೆ ರಾತ್ರಿ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತೆ, ಅದರ ಜಾಗಕ್ಕೆ ಗಾಳಿ ಬರುತ್ತೆ. ಡೀಸೆಲ್ಲನ್ನು ಒತ್ತಿದರೆ ಹೆಚ್ಚು ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಗಾಳಿ ಇರೋತನಕ ಪ್ರೆಷರ್ ಕಟ್ಟಲ್ಲ. ಕಾಮನ್ ರೈಲ್ ಎಂಜಿನ್ನಿನಲ್ಲಿ ಸ್ಟಾರ್ಟಿಂಗಿಗೇ ಸುಮಾರು 200 ಬಾರ್ ಪ್ರೆಷರ್ ಬೇಕು. ಅಷ್ಟು ಬಾರದೆ ಕಂಪ್ಯೂಟರ್ ನಾಝಲ್ ತೆರೆಯೋದೇ ಇಲ್ಲ.

ಟ್ಯಾಂಕಿನೊಳಗೇ ಎಲೆಕ್ಟ್ರಿಕ್ ಪಂಪ್ ಇರೋ ಗಾಡಿಗಳಲ್ಲಿ ಈ ಪೈಪಿನಲ್ಲಿ ಒತ್ತಡ ಇರುತ್ತೆ. ಅಲ್ಲಿ ಸೋರಿದ್ರೆ ಹೊರಗೆ ಹಸಿ ಕಾಣುತ್ತೆ. ನಿಮ್ಮದು ಯಾವ ತರಹದ್ದು ಅಂತ ಮ್ಯಾನ್ಯುಅಲ್ ನೋಡಿ ಅಥವಾ ಮಿಸ್ತ್ರಿನ್ನ ಕೇಳಿ.

ಇದಕ್ಕೆ ಮೂರು ಪರೀಕ್ಷೆ. ಮೊದಲ ಎರಡಕ್ಕೆ ಒಂದು ಪೈಸೆ ಖರ್ಚಿಲ್ಲ.

ಪರೀಕ್ಷೆ 1. ಮುಂಜಾನೆ ಕೀ ಮುಟ್ಟೋ ಮುಂಚೆ ಬಾನೆಟ್ ತೆಗೆದು ಫಿಲ್ಟರ್ ಹತ್ತಿರದ ಹ್ಯಾಂಡ್ ಪಂಪನ್ನು ಒತ್ತಿ. ಕೆಲವು ಗಾಡಿಗಳಲ್ಲಿ ಅದು ರಬ್ಬರ್ ಉಂಡೆಯ ಹಾಗಿರುತ್ತೆ. ಡೀಸೆಲ್ ತುಂಬಿದ್ರೆ ಎರಡು ಮೂರು ಸಲಕ್ಕೆ ಗಟ್ಟಿ ಆಗುತ್ತೆ. 20-30 ಸಲ ಒತ್ತಿದ್ರೂ ಮೆತ್ತಗೇ ಇದ್ರೆ ಒಳಗೆ ಗಾಳಿ ಇದೆ. ಗಟ್ಟಿ ಆಗೋವರೆಗೆ ಒತ್ತಿ, ಆಮೇಲೆ ಸೆಲ್ಫ್ ಹೊಡೀರಿ. ದಿನವೂ ಸತಾಯಿಸೋ ಗಾಡಿ ಆವತ್ತು ತಟ್ಟನೆ ಹಿಡಿದ್ರೆ ರೋಗ ಅರ್ಧ ಸಿಕ್ಕಿತು.

ಪರೀಕ್ಷೆ 2. ಒಂದು ರಾತ್ರಿ ಗಾಡಿಯನ್ನು ಮೂತಿ ಕೆಳಗೆ, ಹಿಂಭಾಗ ಮೇಲೆ ಬರೋ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಟ್ಯಾಂಕ್ ಎತ್ತರದಲ್ಲಿರೋದ್ರಿಂದ ಡೀಸೆಲ್ ಹಿಂದಕ್ಕೆ ಇಳಿಯೋದು ಕಡಿಮೆ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆದ್ರೆ ಅನುಮಾನ ಗಟ್ಟಿ. ಮೂತಿ ಮೇಲೆ ಮಾಡಿ ನಿಲ್ಲಿಸಿದ್ರೆ ತೊಂದರೆ ಹೆಚ್ಚಾಗಬೇಕು.

ಪರೀಕ್ಷೆ 3. ಮಿಸ್ತ್ರಿಗೆ ಹೇಳಿ ಫಿಲ್ಟರಿಗೂ ಪಂಪಿಗೂ ನಡುವೆ, ಕಡಿಮೆ ಒತ್ತಡದ ಕಡೆ ಮಾತ್ರ, ಡೀಸೆಲ್ ತಡೆಯೋ ಒಂದು ಅಡಿ ಪಾರದರ್ಶಕ ಪೈಪ್ ಹಾಕಿಸಿ. ಎಂಜಿನ್ ಚಾಲೂ ಇದ್ದಾಗ ಗುಳ್ಳೆ ಹರಿಯೋದು ಕಣ್ಣಿಗೆ ಕಾಣುತ್ತೆ. ಗುಳ್ಳೆ ಫಿಲ್ಟರ್ ಮುಂಚೆಯೇ ಬರ್ತಿದೆಯೋ, ಫಿಲ್ಟರ್ ದಾಟಿದ ಮೇಲೋ ಅಂತ ನೋಡಿದ್ರೆ ಜಾಗವೂ ಸಿಗುತ್ತೆ.

ನನ್ನ ಗಾಡಿಯಲ್ಲಿ ಗುಳ್ಳೆ ಫಿಲ್ಟರ್ ದಾಟಿದ ಮೇಲೆ ಶುರುವಾಗ್ತಿತ್ತು. ಚಾಚಾ ಫಿಲ್ಟರ್ ಬಿಚ್ಚಿ ಒಳಗಿನ ರಿಂಗ್ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ್ರು. ನವೆಂಬರಿನಲ್ಲಿ ವಿಡಿಯೋ ನೋಡಿ ಫಿಲ್ಟರ್ ಬದಲಿಸಿದವ ನಾನೇ. ಹೊಸ ಫಿಲ್ಟರ್ ಜೊತೆ ಬಂದ ರಿಂಗ್ ಡಬ್ಬಿಯಲ್ಲೇ ಉಳಿದಿತ್ತು, ಹಳೇ ಚಪ್ಪಟೆ ರಿಂಗನ್ನೇ ಮತ್ತೆ ಕೂರಿಸಿದ್ದೆ. ತಪ್ಪು ಗಾಡಿಯದ್ದಲ್ಲ, ನನ್ನದು. ಆದ್ರೂ ಇದನ್ನ ಬರೀತಿದ್ದೀನಿ, ಯಾಕಂದ್ರೆ ವಿಡಿಯೋ ನೋಡಿ ಫಿಲ್ಟರ್ ಬದಲಿಸೋರು ನಿಮ್ಮಲ್ಲೂ ಬಹಳ ಜನ ಇದ್ದೀರಿ. ಹೊಸ ರಿಂಗಿಗೆ ಸ್ವಲ್ಪ ಡೀಸೆಲ್ ಸವರಿ ಕೂರಿಸಿ, ಕೈಯಿಂದ ಏರ್ ತೆಗೆದು, ಆಮೇಲೆ ಸೆಲ್ಫ್ ಹೊಡೀರಿ.

ಪಿಕಪ್ ಇಲ್ಲದ್ದು ಬೇರೆ ರೋಗ

ರಿಂಗ್ ಹಾಕಿದ ಮರುದಿನ ಗಾಡಿ ಒಂದೇ ಸೆಲ್ಫಿಗೆ ಹಿಡೀತು. ಖುಷಿಯಿಂದ ಲೋಡ್ ಹಾಕಿ ಹೊರಟೆ. ಏರಿನಲ್ಲಿ ಮತ್ತೆ ಅದೇ ಕತೆ, ಎಳೆತ ಇಲ್ಲ, ಕರಿ ಹೊಗೆ.

ನಮ್ಮಲ್ಲಿ ಒಂದು ಅಭ್ಯಾಸ ಇದೆ. ಒಂದೇ ವಾರ ಎರಡು ಲಕ್ಷಣ ಕಂಡ್ರೆ ಎರಡಕ್ಕೂ ಒಂದೇ ಕಾರಣ ಹುಡುಕ್ತೀವಿ. ಟೊಮೆಟೊ ಗಿಡ ಬಾಡ್ತಾನೂ ಇದೆ, ಎಲೆ ಮುದುಡ್ತಾನೂ ಇದೆ ಅಂದ್ರೆ ಒಂದು ಬೇರಿನ ರೋಗ, ಇನ್ನೊಂದು ಬಿಳಿನೊಣ ತಂದ ವೈರಸ್ ಇರಬಹುದು. ವರ್ಕ್‌ಶಾಪಿನವರೂ ಎರಡನ್ನೂ ಸೇರಿಸಿ "ಪಂಪ್, ನಾಝಲ್" ಅಂದಿದ್ರು. ಆದ್ರೆ ಡೀಸೆಲ್ ಕಡಿಮೆ ಆದ್ರೆ ಕರಿ ಹೊಗೆ ಬರಲ್ಲ. ಕರಿ ಹೊಗೆ ಅಂದ್ರೆ ಡೀಸೆಲ್ ಸಾಕಷ್ಟಿದೆ, ಗಾಳಿ ಸಾಲದು.

ಪಿಕಪ್ ಇಲ್ಲ ಅಂದಾಗ ಈ ಕ್ರಮದಲ್ಲಿ ನೋಡಿ.

*ಮೊದಲು, ತಪ್ಪು ಎಂಜಿನ್ನಿನದ್ದೇನಾ?* ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾದಿದ್ರೆ ಬ್ರೇಕ್ ಹಿಡಿದುಕೊಂಡಿದೆ. ಏರಿನಲ್ಲಿ ಎಂಜಿನ್ ಸಪ್ಪಳ ಏರಿ ವೇಗ ಏರದಿದ್ರೆ ಕ್ಲಚ್ ಜಾರ್ತಿದೆ.

*ಏರ್ ಫಿಲ್ಟರ್.* ಸೋಯಾ, ತೊಗರಿ ರಾಶಿ ಕಾಲದಲ್ಲಿ ನಮ್ಮ ರಸ್ತೆಗಳ ಧೂಳು ನಿಮಗೆ ಗೊತ್ತು. ಕಂಪನಿ ಹೇಳಿದ ಕಿಲೋಮೀಟರಿಗೆ ಕಾಯಬೇಡಿ, ರಾಶಿ ಮುಗಿದ ಕೂಡಲೇ ತೆಗೆದು ನೋಡಿ. ಪೇಪರ್ ಫಿಲ್ಟರನ್ನು ನೀರಲ್ಲಿ ತೊಳೀಬೇಡಿ. ಗಾಳಿ ಹೊಡೆಯೋದಾದ್ರೆ ಒಳಗಿಂದ ಹೊರಗೆ, ಕಡಿಮೆ ಒತ್ತಡದಲ್ಲಿ. ಬಿಸಿಲಿಗೆ ಹಿಡಿದಾಗ ಬೆಳಕು ಕಾಣದಿದ್ರೆ ಬದಲಿಸಿ. ಫಿಲ್ಟರ್ ತೆಗೆದು ಗಾಡಿ ಓಡಿಸಲೇಬೇಡಿ, ಧೂಳು ಟರ್ಬೊ ಮತ್ತು ಸಿಲಿಂಡರನ್ನು ತಿಂದುಹಾಕುತ್ತೆ.

*ಟರ್ಬೊ ಪೈಪು.* ಟರ್ಬೊ ಗಾಳಿಯನ್ನು ಒತ್ತಿ, ಇಂಟರ್‌ಕೂಲರ್ ಮೂಲಕ ತಂಪು ಮಾಡಿ ಎಂಜಿನ್ನಿಗೆ ಕಳಿಸುತ್ತೆ. ಈ ದಾರಿಯ ರಬ್ಬರ್ ಹೋಸ್ ಒಡೆದ್ರೆ ಒತ್ತಿದ ಗಾಳಿ ಹೊರಗೆ ಹೋಗುತ್ತೆ. ಖಾಲಿ ಗಾಡಿಯಲ್ಲಿ ಗೊತ್ತಾಗಲ್ಲ, ಲೋಡ್ ಹಾಕಿ ಏರು ಹತ್ತುವಾಗ "ಸುಸ್ಸ್" ಅಂತ ಸಪ್ಪಳ, ಕರಿ ಹೊಗೆ, ಎಳೆತ ಇಲ್ಲ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಹೋಸಿನ ಕೆಳಭಾಗವನ್ನೂ ಕೈಯಿಂದ ಸವರಿ ನೋಡಿ, ಬಗ್ಗಿಸಿ ನೋಡಿ. ಎಣ್ಣೆ ಜಿಡ್ಡು ಹೊಸದಾಗಿ ಹತ್ತಿದ ಜಾಗದಲ್ಲೇ ಸಾಮಾನ್ಯವಾಗಿ ಬಿರುಕು ಇರುತ್ತೆ. ಕೈ ಹೋಗದ ಕಡೆ ಮೊಬೈಲ್ ಟಾರ್ಚ್ ಹಾಕಿ ಫೋಟೊ ತೆಗೀರಿ. ನನಗೆ ಸಿಕ್ಕಿದ್ದು ಹಾಗೇ. ಹೋಸಿನ ಅಡಿಯಲ್ಲಿ ಎರಡು ಬೆರಳಿನಷ್ಟು ಬಿರುಕು, ಮೇಲಿಂದ ನೋಡಿದ್ರೆ ಹೊಸದರ ಹಾಗೇ ಇತ್ತು.

*ಡೀಸೆಲ್ ಫಿಲ್ಟರ್.* ಕರಿ ಹೊಗೆ ಇಲ್ಲದೆ, ಜೋರು ಹೊಡೆದಾಗ ಮಾತ್ರ ಉಸಿರು ಕಟ್ಟಿದ ಹಾಗೆ ಆದ್ರೆ ಇದನ್ನ ನೋಡಿ. ಡ್ರಿಪ್ಪಿನ ಸ್ಕ್ರೀನ್ ಫಿಲ್ಟರ್ ಕಟ್ಟಿದಾಗ ಹತ್ತಿರದ ಸಾಲಿಗೆ ನೀರು ಬಂದು ಕೊನೆಯ ಸಾಲಿಗೆ ಬಾರದ ಹಾಗೆ, ನಿಧಾನ ಓಡುವಾಗ ಸಾಕಾಗೋ ಡೀಸೆಲ್ ಏರಿನಲ್ಲಿ ಸಾಲಲ್ಲ.

*ಇಜಿಆರ್, ಡಿಪಿಎಫ್.* 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯೋ ಡಿಪಿಎಫ್ ಜಾಲರಿ ಇರುತ್ತೆ. ಹೊಲಕ್ಕೆ, ಊರಿಗೆ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿದ್ರೆ ಆ ಮಸಿ ಸುಡೋಷ್ಟು ಬಿಸಿ ಆಗಲ್ಲ. ಲೈಟ್ ಬಂದ್ರೆ ಮ್ಯಾನ್ಯುಅಲ್ ಹೇಳಿದ ಹಾಗೆ ಹೈವೇ ಮೇಲೆ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಿ. ಅಲಕ್ಷ್ಯ ಮಾಡಿದ್ರೆ ಕಂಪ್ಯೂಟರ್ ಪವರ್ ಕಡಿಮೆ ಮಾಡುತ್ತೆ.

ಗೊಬ್ಬರದ ಯೂರಿಯಾ ಹಾಕಬೇಡಿ!

ಕೆಲವು ಬಿಎಸ್-6 ಗಾಡಿಗಳಿಗೆ ಹೊಗೆ ಶುದ್ಧ ಮಾಡಲು ಯೂರಿಯಾ ದ್ರಾವಣ ಹಾಕಬೇಕು, ಡಿಇಎಫ್ ಅಂತ ಕರೀತಾರೆ. ಅದು ಅತಿ ಶುದ್ಧ ನೀರಿನಲ್ಲಿ 32.5 ಶೇಕಡಾ ಶುದ್ಧ ಯೂರಿಯಾ. "ಮನೆಯಲ್ಲಿ ಚೀಲ ಇದೆ, ಕರಗಿಸಿ ಹಾಕಿದ್ರೆ ಆಯ್ತು" ಅಂತ ಒಬ್ಬ ಹುಡುಗ ನನ್ನ ಕೇಳಿದ್ದ. 2015ರಿಂದ ನಮಗೆ ಸಿಗೋ ಸಬ್ಸಿಡಿ ಯೂರಿಯಾ ಎಲ್ಲ ಬೇವು ಲೇಪಿತ. ಆ ಬೇವಿನೆಣ್ಣೆ, ಕಲ್ಮಶ ಎಲ್ಲ ಸೇರಿ ನಾಝಲ್, ಪಂಪ್, ಒಳಗಿನ ದುಬಾರಿ ಕ್ಯಾಟಲಿಸ್ಟ್ ಕೆಡಿಸುತ್ತೆ. ಸಬ್ಸಿಡಿ ಗೊಬ್ಬರವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸೋದು ಕಾನೂನಿಗೂ ವಿರುದ್ಧ.

ಮೊಬೈಲಿಗೇ ಸ್ಕ್ಯಾನರ್

ಹತ್ತು ವರ್ಷದೊಳಗಿನ ಗಾಡಿಯಾದ್ರೆ ಸ್ಟೇರಿಂಗ್ ಕೆಳಗೆ ಒಬಿಡಿ ಸಾಕೆಟ್ ಇರುತ್ತೆ. ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಆ್ಯಪ್ ಹಾಕಿದ್ರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟ ಕೋಡ್ ಮೊಬೈಲಿಗೆ ಬರುತ್ತೆ. ನಾಲ್ಕು ಜನ ಗೆಳೆಯರು ಸೇರಿ ಒಂದು ತಗೊಂಡ್ರೂ ಸಾಕು. ನಮಗೆ ಬೇಕಾಗೋ ಕೆಲವು:

- ಪಿ0087: ರೈಲ್ ಪ್ರೆಷರ್ ಕಡಿಮೆ
- ಪಿ0299: ಟರ್ಬೊ ಒತ್ತಡ ಕಡಿಮೆ
- ಪಿ0335: ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್
- ಪಿ0380: ಹೀಟರ್ ಪ್ಲಗ್ ಸರ್ಕ್ಯೂಟ್
- ಪಿ0401: ಇಜಿಆರ್ ಹರಿವು ಕಡಿಮೆ

ಆದ್ರೆ ಕೋಡ್ ಅಂದ್ರೆ ಲಕ್ಷಣ, ರೋಗ ಅಲ್ಲ. ನನ್ನ ಗಾಡಿಯಲ್ಲಿ ಪಿ0087, ಪಿ0299 ಎರಡೂ ಇದ್ದವು. ಪಿ0087 ನೋಡಿ "ಪಂಪ್ ಬದಲಿಸಿ" ಅನ್ನೋರು ಇದ್ದಾರೆ. ಕಟ್ಟಿದ ಫಿಲ್ಟರ್, ಗಾಳಿ ಎಳೆಯೋ ರಿಂಗ್, ಸೋರೋ ನಾಝಲ್, ಸವೆದ ಪಂಪ್, ಇವೆಲ್ಲಕ್ಕೂ ಅದೇ ಕೋಡ್ ಬರುತ್ತೆ. ಅಳಿಸೋ ಮುಂಚೆ ಸ್ಕ್ರೀನ್‌ಶಾಟ್ ತಗೊಳ್ಳಿ. ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಷರ್ ಎಷ್ಟು ಏರುತ್ತೆ ಅಂತ ಕೆಲವು ಆ್ಯಪ್‌ನಲ್ಲಿ ಕಾಣುತ್ತೆ. ಕಿಲೋಪಾಸ್ಕಲ್‌ನಲ್ಲಿ ಬಂದ್ರೆ 100ರಿಂದ ಭಾಗಿಸಿ, ಬಾರ್ ಸಿಗುತ್ತೆ.

ಜೀವಕ್ಕೆ ಕುತ್ತು ತರೋ ತಪ್ಪುಗಳು

ಹಳೇ ಮೆಕ್ಯಾನಿಕಲ್ ಪಂಪ್ ಎಂಜಿನ್ನಿನಲ್ಲಿ ನಾಝಲ್ ಪೈಪಿನ ನಟ್ ಸಡಿಲ ಮಾಡಿ ಏರ್ ತೆಗೀತಿದ್ರು. ಟ್ರ್ಯಾಕ್ಟರಿನಲ್ಲಿ ನೀವೂ ಮಾಡಿರಬಹುದು. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನ ಎಂದಿಗೂ ಮಾಡಬೇಡಿ. ಚಾಲೂ ಇದ್ದಾಗ ಆ ಪೈಪಿನಲ್ಲಿ ಸಾವಿರ ಬಾರಿಗೂ ಮೀರಿದ ಒತ್ತಡ ಇರುತ್ತೆ. ಕೂದಲಿನಷ್ಟು ಸಣ್ಣ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದ್ರೆ ಮನೆಮದ್ದು ಬೇಡ, ಕೂಡಲೇ ಆಪರೇಷನ್ ಸೌಕರ್ಯ ಇರೋ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಒಳಗೆ ಹೋಗಿದೆ" ಅಂತ ಹೇಳಿ.

ಸ್ಟಾರ್ಟ್ ಆಗಲಿ ಅಂತ ಗಾಳಿ ದಾರಿಗೆ ಈಥರ್ ಸ್ಪ್ರೇ, ಪೆಟ್ರೋಲ್ ಹಾಕಬೇಡಿ. ಹೀಟರ್ ಪ್ಲಗ್ ಕೆಂಪಾಗಿದ್ದಾಗ ಅದು ಸಿಡಿಯುತ್ತೆ.

ಡ್ರಮ್ಮಿನ ಡೀಸೆಲ್

ನಮ್ಮಲ್ಲಿ ಟ್ರ್ಯಾಕ್ಟರಿಗೆ ಅಂತ ತಂದ ಡ್ರಮ್ಮಿನಿಂದಲೇ ಗಾಡಿಗೂ ಸುರೀತೀವಿ. ಅರ್ಧ ಖಾಲಿ ಡ್ರಮ್ಮಿನ ಒಳಗೋಡೆ ಮೇಲೆ ಚಳಿಗಾಲದ ರಾತ್ರಿ ಇಬ್ಬನಿ ಹಿಡಿಯುತ್ತೆ. ಆ ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ಕೂರುತ್ತೆ. ಟ್ರ್ಯಾಕ್ಟರಿನ ಹಳೇ ಪಂಪ್ ಸಹಿಸಬಹುದು, ಕಾಮನ್ ರೈಲ್ ಪಂಪ್ ಸಹಿಸಲ್ಲ. ಅದಕ್ಕೆ ಡೀಸೆಲ್ಲೇ ಎಣ್ಣೆ, ನೀರು ಸೇರಿದ್ರೆ ಒಳಗೆ ಉಜ್ಜಿ ಲೋಹದ ಪುಡಿ ಎಲ್ಲ ನಾಝಲ್ಲಿಗೂ ಹೋಗುತ್ತೆ. 68 ಸಾವಿರದ ಎಸ್ಟಿಮೇಟ್ ನಿಜ ಆಗೋದು ಹೀಗೆ. ಗಾಡಿಗೆ ನೇರ ಬಂಕಿನಲ್ಲೇ ಹಾಕಿಸಿ. ಅನುಮಾನ ಬಂದ್ರೆ ಡೆನ್ಸಿಟಿ ಅಳೆದು ತೋರಿಸಿ ಅಂತ ಕೇಳೋ ಹಕ್ಕು ನಿಮಗಿದೆ. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲ ಮಾಡಿ ನೀರು ಇಳಿಸೋದನ್ನ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಾಡಿ.

ವರ್ಕ್‌ಶಾಪಿನಲ್ಲಿ ಏನು ಕೇಳಬೇಕು?

ಇಷ್ಟೆಲ್ಲ ನೋಡಿದ ಮೇಲೂ ಸರಿ ಹೋಗದಿದ್ರೆ, ಅಥವಾ ಬಿಸಿ ಇದ್ದಾಗಲೇ ಸ್ಟಾರ್ಟ್ ಆಗದಿದ್ರೆ ಪಂಪ್-ನಾಝಲ್ ಕಡೆ ಹೋಗಲೇಬೇಕು. ಆಗ ಮೂರು ಮಾತು ಕೇಳಿ: "ನಾಝಲ್ಲಿನ ರಿಟರ್ನ್ ಅಳೆದಿದ್ದೀರಾ? ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಷರ್ ಎಷ್ಟಿತ್ತು? ಕಂಪ್ರೆಷನ್ ನೋಡಿದ್ದೀರಾ?" ರಿಟರ್ನ್ ಪರೀಕ್ಷೆಯಲ್ಲಿ ನಾಲ್ಕು ನಾಝಲ್ಲಿಗೆ ನಾಲ್ಕು ಬಾಟಲಿ ಕಟ್ಟಿ ಎಂಜಿನ್ ಓಡಿಸ್ತಾರೆ. ಒಂದರಲ್ಲಿ ಮಾತ್ರ ಬಹಳ ತುಂಬಿದ್ರೆ ಆ ಒಂದು ನಾಝಲ್ ಸೋರ್ತಿದೆ, ನಾಲ್ಕನ್ನೂ ಬದಲಿಸೋ ಅಗತ್ಯ ಇರಲಿಕ್ಕಿಲ್ಲ. ಒಳ್ಳೆ ಮಿಸ್ತ್ರಿ ಈ ಪ್ರಶ್ನೆಗೆ ಸಿಟ್ಟಾಗಲ್ಲ, ಬಾಟಲಿ ತೋರಿಸ್ತಾರೆ.

ನಮ್ಮ ಹಳ್ಳಿಗಳಲ್ಲಿ ಇಂಥ ಗಾಡಿ ಬರೀ ಸೊಪ್ಪಿಗಲ್ಲ. ರಾತ್ರಿ ಯಾರಿಗಾದ್ರೂ ಎದೆನೋವು ಬಂದ್ರೆ, ಹೆರಿಗೆ ನೋವು ಬಂದ್ರೆ ಬಾಗಿಲು ಬಡಿಯೋದು ಗಾಡಿ ಇದ್ದವನ ಮನೆಯದ್ದೇ. ಆ ಹೊತ್ತಿನಲ್ಲಿ ಸೆಲ್ಫ್ ಹಿಡಿಯದಿದ್ರೆ ಯಾವ ಪರೀಕ್ಷೆಗೂ ಟೈಮ್ ಇರಲ್ಲ. ಅದಕ್ಕೇ ಈ ಭಾನುವಾರ ಅರ್ಧ ಗಂಟೆ ತೆಗೀರಿ: ಬ್ಯಾಟರಿ ವೋಲ್ಟ್ ನೋಡಿ, ಹ್ಯಾಂಡ್ ಪಂಪ್ ಒತ್ತಿ ನೋಡಿ, ಟರ್ಬೊ ಹೋಸಿನ ಅಡಿಗೆ ಟಾರ್ಚ್ ಹಾಕಿ, ಫಿಲ್ಟರಿನ ನೀರು ಇಳಿಸಿ.

ಮುಂದಿನ ವಾರ ಮತ್ತೆ ಹೊಲಕ್ಕೆ: ಚಳಿಯಲ್ಲಿ ಮೆಂತ್ಯ ಎಲೆಯ ಮೇಲೆ ಬರೋ ಬಿಳಿ ಪುಡಿ ರೋಗ, ಔಷಧಿ ಅಂಗಡಿಗೆ ಹೋಗೋ ಮುಂಚೆ ಏನು ಮಾಡಬಹುದು ಅಂತ ನೋಡೋಣ.